ಶಿವಲಿಂಗನ ಪಾಳಿ

ಅಂಗಳದ ಮೂಲೆಯಲ್ಲಿ ನಾಲ್ವರು ಚಾದರ ಎತ್ತಿ ಹಿಡಿದು ಮರೆ ಮಾಡಿದ್ದರು. ಬಿಸಿನೀರಿನ ಮೂರನೆಯ ಕೊಡ ಆ ಮರೆಯೊಳಗೆ ಹೋಯಿತು. ಗುಲಫಶಾ ಅತ್ತ ಬೆನ್ನು ಮಾಡಿ ನಿಂತು, ಫೋನನ್ನು ಒಂದು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

“ಅವ್ವ ಎಂಟಕ್ಕ ಮನಿ ಬಿಟ್ಟಾಳ್ರಿ,” ಎಂದಳು ಸಾಲಹಳ್ಳಿಯಿಂದ ಮಾಯವ್ವನ ಮಗಳು ಭಾಗೀರಥಿ. “ಫೋನ ಒಯ್ಯಲಿಲ್ಲ. ನಾನೂ ಬರತೇನಿ ಅಂದ್ರ ಬ್ಯಾಡ ಅಂದ್ಲು. ಕೈಯಾಗ ಒಂದ ಚೀಲ ಇತ್ತು.”

“ಚೀಲದಾಗ ಏನಿತ್ತು?”

“ಕೇಳಿದ್ನಿರಿ. ಹೇಳಲಿಲ್ಲ.”

ಗಂಟೆ ಹನ್ನೊಂದೂವರೆ ಆಗಿತ್ತು. ಸಾಲಹಳ್ಳಿಯಿಂದ ಸವದತ್ತಿಗೆ ಎಷ್ಟು ನಿಧಾನವಾಗಿ ಬಂದರೂ ಎರಡು ತಾಸಿನ ದಾರಿ. ಗುಲಫಶಾ ಫೋನು ಇಟ್ಟು ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಮಧ್ಯಾಹ್ನದ ನಮಾಜು ಒಂದೂವರೆಗೆ. ಅದು ಮುಗಿದ ಕೂಡಲೇ ಜನಾಜಾದ ನಮಾಜು, ಆಮೇಲೆ ಮಣ್ಣು. ಒಂದಕ್ಕೆಲ್ಲ ತಂದೆಯನ್ನು ಈ ಅಂಗಳದಿಂದ ಎತ್ತುತ್ತಾರೆ. ಅಷ್ಟರೊಳಗೆ ಮಾಯವ್ವ ಬರಬೇಕು. ಬಂದವಳಿಗೆ ತಾನು ಒಂದು ಮಾತು ಹೇಳಬೇಕು. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಐದು ನಿಮಿಷ? ಮೂರು ವಾರಗಳಿಂದ ಆ ಮಾತನ್ನು ಅವಳು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನೋಡಿದ್ದಳು. ಯಾವ ರೀತಿಯಲ್ಲಿ ಜೋಡಿಸಿದರೂ ಅದು ಎರಡು ನಿಮಿಷಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಅವಳ ತಂದೆ, ನಿವೃತ್ತ ಸುಬೇದಾರ ಹಜರತಸಾಬರು, ಬೆಳಗಿನ ಜಾವ ಬಾಂಗಿನ ಹೊತ್ತಿಗೆ ತೀರಿಕೊಂಡಿದ್ದರು. ಮಾಯವ್ವ ಶಿವಲಿಂಗನ ತಾಯಿ. ಶಿವಲಿಂಗ ಇಪ್ಪತ್ತೈದು ವರ್ಷದ ಹಿಂದೆ ಯುದ್ಧದಲ್ಲಿ, ಹಜರತಸಾಬರ ಕೈಕೆಳಗಿನ ತುಕಡಿಯಲ್ಲಿದ್ದು, ಒಂದು ಗುಡ್ಡ ಹತ್ತುವಾಗ ಸತ್ತ ಹುಡುಗ.

“ಆಪಾ, ಮತ್ತ ಸಾಲಹಳ್ಳಿಗೇ ಏನ ಫೋನು?”

ತಮ್ಮ ನಾಸಿರ ತೋಳಿನವರೆಗೆ ಒದ್ದೆಯಾಗಿದ್ದ. ತಂದೆಗೆ ಸ್ನಾನ ಮಾಡಿಸಿ ಆಗಷ್ಟೇ ಹೊರಗೆ ಬಂದಿದ್ದ. ಗುಲಫಶಾ ತಲೆಯಾಡಿಸಿದಳು.

“ಬರಲಿ. ಮಾರಿ ನೋಡಲಿ, ಕುಂತು ಹೋಗಲಿ, ನಾ ಬ್ಯಾಡ ಅನ್ನೂದಿಲ್ಲ,” ಎಂದ ಅವನು ದನಿ ತಗ್ಗಿಸಿ. “ಆದ್ರ ಆ ಮಾತು ತಗೀಬ್ಯಾಡ. ಊರ ಮಂದಿ ನಿಂತಾರ. ಮಿಲಿಟರಿಯವರು ಬರಾಕ ಹತ್ಯಾರ. ಆಕಿ ಎಲ್ಲಾರ ಮುಂದ ‘ಇಲ್ಲ, ನಾ ಮಾಫ್ ಮಾಡೂದಿಲ್ಲ’ ಅಂದಳಂದ್ರ ಅಬ್ಬಾನ ಎತ್ತಿಗೊಂಡು ಎಲ್ಲಿ ಹೋಗಾವ್ರು ನಾವು?”

ಅವಳ ಭಯವೂ ಅದೇ ಆಗಿತ್ತು.

*

ಮೂರು ವಾರದ ಹಿಂದೆ, ಧಾರವಾಡದ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಊಟದ ತಟ್ಟೆ ಹಾಗೇ ಇತ್ತು. ಗುಲಫಶಾ ಬೈಲಹೊಂಗಲದ ಕಾಲೇಜು ಲೈಬ್ರರಿಗೆ ರಜೆ ಹಾಕಿ ಬಂದಿದ್ದಳು. ಹಜರತಸಾಬರು ಕಸ ಗುಡಿಸುವ ಹೆಂಗಸನ್ನು ಮಂಚದ ಬಳಿ ನಿಲ್ಲಿಸಿಕೊಂಡು, ಅವಳ ರಬ್ಬರ್ ಚಪ್ಪಲಿ ಒಂದು ನಂಬರು ಸಣ್ಣದಾಗಿದೆ, ಹಿಂಗೇ ನಡೆದರೆ ಹಿಮ್ಮಡಿ ಒಡೆಯುತ್ತದೆ ಎಂದು ಹೇಳುತ್ತಿದ್ದರು. ಅವರು ಯಾರನ್ನು ನೋಡಿದರೂ ಮೊದಲು ಕಾಲು ನೋಡುವವರು. ಆ ಹೆಂಗಸು ನಗುತ್ತಾ ಹೋದ ಮೇಲೆ ಮಗಳ ಕಡೆ ತಿರುಗಿದರು.

ಮನೆಯಲ್ಲಿ ಅವರು ಆಡುತ್ತಿದ್ದುದು ಉರ್ದು. ಆ ದಿನ ಆ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದರು. ಬಹುಶಃ ಅದು ನಡೆದದ್ದೇ ಕನ್ನಡದಲ್ಲಿ ಎಂಬ ಕಾರಣಕ್ಕೆ.

“ನನ್ನ ಎತ್ತೂಕಿಂತ ಮೊದಲ ಎಲ್ಲಾರಿಗೂ ಮಾಫ್ ಕೇಳತಾರಲಾ, ಆಗ ಮಾಯವ್ವ ಅಲ್ಲಿರಬೇಕು.”

ಸತ್ತವನನ್ನು ಸಾಗಿಸುವ ಮೊದಲು ಮಗನೋ ಮೌಲಾನಾರೋ ನೆರೆದವರ ಎದುರು ನಿಂತು, ಇವರಿಂದ ಯಾರಿಗಾದರೂ ನೋವಾಗಿದ್ದರೆ ಈಗಲೇ ಹೇಳಿರಿ, ಇಲ್ಲವೇ ಮಾಫ್ ಮಾಡಿರಿ ಎಂದು ಕೇಳುವುದು ರೂಢಿ. ಗುಲಫಶಾ ಅದನ್ನು ಕೇಳಿ ಬೆಳೆದವಳು. ಯಾರೂ ಏನೂ ಹೇಳುವುದಿಲ್ಲ. ಮಾಫ್ ಮಾಡೇವಿ ಎಂದು ಎಲ್ಲರೂ ಒಟ್ಟಿಗೆ ಗುಣುಗುತ್ತಾರೆ. ಸತ್ತವನ ಹಿಂದೆ ಬಾಗಿಲು ಎಳೆದುಕೊಂಡ ಹಾಗೆ ಅದು.

“ಇರತಾಳ ಅಬ್ಬಾ. ಕರಸ್ತೇನಿ,” ಎಂದಿದ್ದಳು ಅವಳು, ಈಗ ಅದೆಲ್ಲ ಯಾಕೆ ಎನ್ನುವಂತೆ.

“ಬರೇ ಕರಸಿದ್ರ ಆಗೂದಿಲ್ಲ. ಮೊದಲ ಆಕಿಗೆ ಹೇಳಬೇಕು. ಗೊತ್ತಿಲ್ಲದಾಕಿ ಮಾಫ್ ಮಾಡಿದ್ರ ಅದು ಮಾಫಿ ಅಲ್ಲ.”

ಆಮೇಲೆ ಅವರು ಹೇಳಿದ್ದು ಇಷ್ಟು. ಗುಡ್ಡ ಹತ್ತುವಾಗ ಒಬ್ಬನ ಹಿಂದೆ ಒಬ್ಬರು ಹೋಗಬೇಕು. ಎಲ್ಲರಿಗಿಂತ ಮುಂದಿನವನ ಜೀವಕ್ಕೇ ಹೆಚ್ಚು ಅಪಾಯ. ಅದಕ್ಕೆ ಅವರು ಪಾಳಿ ಮಾಡಿದ್ದರು. ಒಮ್ಮೆ ಮುಂದೆ ಹೋಗಿ ಬಂದವನಿಗೆ, ಉಳಿದವರೆಲ್ಲರದು ಮುಗಿಯುವ ತನಕ ಮತ್ತೆ ಇಲ್ಲ. ಶಿವಲಿಂಗನ ಪಾಳಿ ಎರಡು ದಿನದ ಹಿಂದೆ ಆಗಿಹೋಗಿತ್ತು. ಅವನು ಮುಂದೆ ಹೋಗಿ, ಕೂದಲೂ ಕೊಂಕದೆ ಬಂದಿದ್ದ. ಆ ದಿನದ ಪಾಳಿ ಸಾತಾರೆಯ ಹುಡುಗನೊಬ್ಬನದು. ಹತ್ತೊಂಬತ್ತು ವರ್ಷದವನು. ಆದರೆ ಸಂಜೆ ಬಂಡೆಯ ಹಿಂದೆ ಕುಳಿತು ಉಣ್ಣುವಾಗ ಯಾರೋ ಮರಾಠಿಯಲ್ಲಿ ಅಂದದ್ದು ಅವರ ಕಿವಿಗೆ ಬಿತ್ತು. ಸಾಹೇಬರು ತಮ್ಮ ಊರ ಕಡೆಯ ಹುಡುಗನನ್ನು ನೋಡಿ ನೋಡಿ ಉಳಿಸುತ್ತಾರೆ ಎಂದು.

“ಅದು ಸುಳ್ಳಿತ್ತು,” ಎಂದರು ಹಜರತಸಾಬರು. “ಸುಳ್ಳ ಅಂತ ತೋರಸಬೇಕಾಗಿತ್ತು ನನಗ. ಹತ್ತೂ ಹೊತ್ತಿಗೆ ಶಿವಲಿಂಗನ ಹೆಸರ ಕೂಗಿದೆ.”

ಅವರು ಹೊದಿಕೆಯ ಅಂಚನ್ನು ಮಡಚಿದರು, ಬಿಡಿಸಿದರು.

“‘ನಂದು ಮೊನ್ನೆ ಆಗೇತೆಲ್ರಿ ಸಾಹೇಬ್ರ’ ಅಂದ. ನಾ ಕೇಳಿಸದಾವರ ಗತೆ ನಿಂತೆ. ಅವಾ ಬಗ್ಗಿ ಬೂಟಿನ ದಾರ ಕಟಿಗೊಂಡ. ಮುಂದ ಹ್ವಾದ.”

ಊರಿಗೆ ಬಂದಾಗ ಮಾಯವ್ವ ಅವರನ್ನು ಕೇಳಿದ್ದು ಒಂದೇ ಮಾತು. ಅಷ್ಟು ಮಂದಿಯೊಳಗೆ ನನ್ನ ಮಗನೇ ಯಾಕೆ ಮುಂದೆ ಇದ್ದ? ಅವನ ಪಾಳಿ ಬಂದಿತ್ತವ್ವ, ಎಂದಿದ್ದರು ಹಜರತಸಾಬರು.

“ನೀವ ಹೇಳ್ರಿ ಅಬ್ಬಾ. ಆಕೀನ್ನ ಇಲ್ಲಿಗೇ ಕರಕೊಂಡ ಬರತೇನಿ.”

ಅವರು ಗೋಡೆಯ ಕಡೆ ಹೊರಳಿದರು.

“ಇಪ್ಪತ್ತೆರಡ ಸಲ ಅದನ್ನ ಹೇಳಾಕನ ಹೋಗೇನಿ,” ಎಂದರು.

*

ಹನ್ನೆರಡಕ್ಕೆ ಕಿತ್ತೂರಿನ ಕಡೆಯಿಂದ ಅಮೋಘಸಿದ್ದಪ್ಪ ಬಂದ. ಜೊತೆಗೆ ನಿವೃತ್ತ ಸೈನಿಕರ ಸಂಘದ ಮೂವರು, ಒಂದು ಹೂವಿನ ಚಕ್ರ. ಅಮೋಘಸಿದ್ದಪ್ಪ ಅದೇ ತುಕಡಿಯಲ್ಲಿದ್ದವನು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದವನು. ಬಿಳಿಯ ಕಫನ್ ಬಟ್ಟೆ ತೊಡಿಸಿ ಮಲಗಿಸಿದ್ದ ಹಜರತಸಾಬರ ಎದುರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಆಮೇಲೆ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕುಸಿದು ಕುಳಿತ.

ಪಕ್ಕದ ಮನೆಯ ರಾಯವ್ವ ಕೆಟಲಿನಲ್ಲಿ ಚಹಾ ತಂದಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯ ಗಂಡಸರು ಅಮೋಘಸಿದ್ದಪ್ಪನ ಸುತ್ತ ಕುಳಿತು ಕೇಳತೊಡಗಿದರು. ಗುಲಫಶಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಒಂದು ಕಣ್ಣು ಓಣಿಯ ತಿರುವಿನ ಮೇಲಿತ್ತು.

ಅವನು ಹೇಳಿದ್ದೆಲ್ಲ ಕಾಲಿನ ಮಾತೇ. ಅಲ್ಲಿಯ ಚಳಿಗೆ ಕಾಲು ಕಪ್ಪಾದರೆ ಬೆರಳು ಕತ್ತರಿಸಬೇಕು. ಸುಬೇದಾರ ಸಾಹೇಬರು ದಿನಾ ಸಂಜೆ ಇಪ್ಪತ್ತಮೂರು ಮಂದಿಯ ಬೂಟು ಬಿಚ್ಚಿಸಿ, ಒಬ್ಬೊಬ್ಬನ ಕಾಲನ್ನೂ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬೆರಳ ಸಂದಿ ಸಂದಿ ನೋಡುತ್ತಿದ್ದರು. ಒದ್ದೆ ಕಾಲುಚೀಲ ಕಂಡರೆ ತಮ್ಮದನ್ನು ಬಿಚ್ಚಿ ಕೊಡುತ್ತಿದ್ದರು.

“ನನ್ನ ಹೇಂತಿ ಸೈತ ನನ್ನ ಕಾಲು ಅಷ್ಟ ಪ್ರೀತಿಲೆ ನೋಡಿಲ್ಲ,” ಎಂದ ಅಮೋಘಸಿದ್ದಪ್ಪ. ಒಂದಿಬ್ಬರು ನಕ್ಕು, ಎಲ್ಲಿದ್ದೇವೆ ಎಂದು ನೆನಪಾಗಿ ಸುಮ್ಮನಾದರು. “ಒಮ್ಮೆ ಯಾಕ್ರಿ ಸಾಹೇಬ್ರ ಅಂತ ಕೇಳಿದ್ನಿ. ‘ಇವು ನಿಮ್ಮ ಕಾಲಲ್ಲೋ, ನಿಮ್ಮ ಅವ್ವಂದಿರವು. ಹೆಂಗ ಕಳಿಸ್ಯಾರ ಹಂಗ ಮುಟ್ಟಸಬೇಕು’ ಅಂದ್ರು. ಮ್ಯಾಲಿನಿಂದ ವೈರ್‌ಲೆಸ್‌ನ್ಯಾಗ ಹಗಲೇ ಹತ್ತರಿ ಅಂತ ಹುಕುಂ ಬಂದ್ರ, ‘ಕೇಳಸವಲ್ದು, ಕೇಳಸವಲ್ದು’ ಅನಕೋತ ಕತ್ತಲಾಗೂ ಮಟ ಕುಂದರಸತಿದ್ರು ನಮ್ಮನ್ನ. ಅವರ ಕಾಲದಾಗ ನಾವು ಇಪ್ಪತ್ತಮೂರು ಮಂದಿ ಹ್ವಾದ್ವಿ. ಇಪ್ಪತ್ತೆರಡ ಮಂದಿ ಬಂದ್ವಿ. ಬಾಜೂ ತುಕಡಿ ಅರ್ಧಾ ಬರಲಿಲ್ಲ.”

ಕೇಳಿದವರು ನಿಟ್ಟುಸಿರು ಬಿಟ್ಟರು. ಇಪ್ಪತ್ತೆರಡು ದೊಡ್ಡ ಸಂಖ್ಯೆ ಎಂಬುದು ಅವರ ಮುಖದಲ್ಲಿತ್ತು. ಗುಲಫಶಾಗೆ ಕಂಡದ್ದು ಉಳಿದ ಒಂದು. ಅವಳು ಅಮೋಘಸಿದ್ದಪ್ಪನನ್ನು ಹಿತ್ತಲಿಗೆ ಕರೆದಳು.

“ಕಾಕಾ, ಶಿವಲಿಂಗ ಹೋದಾಗ ನೀವು ಎಷ್ಟನೇದವರಿದ್ರಿ?”

ಅವನ ಕೈಯ ಚಹಾದ ಲೋಟ ತುಟಿಯ ಬಳಿಯೇ ನಿಂತಿತು. “ನಾಲ್ಕನೇದಾಂವ,” ಎಂದ. “ಸಾಹೇಬ್ರು ನಿನಗ ಹೇಳ್ಯಾರನು?” ಎಂದು ಕೇಳಿದ.

“ಹೇಳ್ಯಾರ. ಮಾಯವ್ವಗ ಹೇಳು ಅಂದಾರ. ಆಕಿ ಬರಾಕ ಹತ್ಯಾಳ.”

ಅಮೋಘಸಿದ್ದಪ್ಪ ಲೋಟವನ್ನು ಕಟ್ಟೆಯ ಮೇಲಿಟ್ಟ.

“ತಂಗಿ, ಆಕಿ ಮಗನ ಪಾಳಿ ಬಂದಿತ್ತು, ಹ್ವಾದ ಅಂತ ತಿಳಕೊಂಡು ಇಪ್ಪತ್ತೈದ ವರ್ಷ ಬದಕ್ಯಾಳ. ಅದೊಂದು ಉಳದೈತಿ ಆಕೀ ಹಂತ್ಯಾಕ. ಅದನ್ನೂ ಕಸಗೋತಿಯೇನು?”

“ಅಬ್ಬಾನ ಮಾತ ಐತಿ ಕಾಕಾ.”

“ಸಾಹೇಬ್ರು ಹ್ವಾದ್ರು. ಅವರ ಎದಿ ಹಗರ ಆತು. ಆ ಭಾರ ಆಕೀ ತಲೀ ಮ್ಯಾಲೆ ಹೊರಸೂದು ಯಾವ ನ್ಯಾಯ?” ಅವನು ಎರಡು ಬೆರಳಿಲ್ಲದ ಕೈಯಿಂದ ಮುಖ ಒರೆಸಿಕೊಂಡ. “ಆ ಸಾತಾರದ ಹುಡುಗ ಇವತ್ತ ಮುಂಜಾನೆ ನನಗ ಫೋನ ಮಾಡಿ ಅತ್ತ. ಅವಗ ಇವತ್ತಿಗೂ ಗೊತ್ತಿಲ್ಲ ಅಂದು ಅವನ ಪಾಳಿ ಇತ್ತಂತ. ಕೆಲವು ಗೊತ್ತಿಲ್ಲದನ ಇರಬೇಕು.”

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗಾಗಲಿಲ್ಲ. ಶಬ್ದಗಳನ್ನು ತೂಗಿ ನೋಡುವ ಚಾಳಿ ಅವಳದು. ತಂದೆಯ ಕೊನೆಯ ಮಾತನ್ನು ಒಂದು ತಟ್ಟೆಯಲ್ಲಿಟ್ಟಳು, ಇದನ್ನು ಇನ್ನೊಂದರಲ್ಲಿ. ಮುಳ್ಳು ನಿಲ್ಲಲೇ ಇಲ್ಲ. ಹಾಗೆ ನೋಡಿದರೆ ಮಾಯವ್ವ ಬರದೇ ಇದ್ದರೆ ಎಷ್ಟು ಚೆನ್ನ ಎಂಬ ವಿಚಾರವೂ ಒಂದು ಕ್ಷಣ ಬಂದು ಹೋಯಿತು.

*

ಗುಲಫಶಾ ಸಾಲಹಳ್ಳಿಗೆ ಒಮ್ಮೆ ಮಾತ್ರ ಹೋಗಿದ್ದಳು, ಪಿಯುಸಿ ಓದುವಾಗ, ತಂದೆಯ ಜೊತೆ. ಹಜರತಸಾಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ನಿವೃತ್ತರಾದ ವರ್ಷದಿಂದ ಪ್ರತಿ ವರ್ಷ ಶಿವಲಿಂಗ ಸತ್ತ ದಿನ ತಪ್ಪದೆ ಹೋಗುತ್ತಿದ್ದರು. ಹೊರಡುವ ಮೊದಲು ಸವದತ್ತಿ ಪೇಟೆಯಲ್ಲಿ ಒಂದು ಜೋಡಿ ಹೆಂಗಸರ ಚರ್ಮದ ಚಪ್ಪಲಿ ಕೊಳ್ಳುತ್ತಿದ್ದರು. ಉಂಗುಷ್ಟಕ್ಕೆ ಹೆಬ್ಬೆರಳು ಸಿಕ್ಕಿಸಿ ಹಾಕುವಂಥದು. ಹೊಲಿಗೆ ಎಳೆದೆಳೆದು ನೋಡುತ್ತಿದ್ದರು. ತನಗೆ ಮದುವೆಯಾದಾಗಿನಿಂದ ಒಂದು ಜೋಡಿಯನ್ನೂ ಹೀಗೆ ಆರಿಸಿ ತಂದವರಲ್ಲ ಎಂದು ತಾಯಿ ಮಾಸುಮಬಿ ಆಡಿಕೊಳ್ಳುತ್ತಿದ್ದಳು.

ಮಾಯವ್ವ ಹೊಲದಿಂದ ಬಂದಳು. ಬರಿಗಾಲು. ಹಿಮ್ಮಡಿಗಳು ಬಿರುಕು ಬಿಟ್ಟಿದ್ದವು. ಮಗನ ಸುದ್ದಿ ಬಂದಾಗ ಅವಳು ಬರಿಗಾಲಲ್ಲಿ ಕಳೆ ತೆಗೆಯುತ್ತಿದ್ದಳಂತೆ, ಅಂದಿನಿಂದ ಕಾಲಿಗೆ ಏನೂ ಮೆಟ್ಟಿಲ್ಲ ಎಂದು ಭಾಗೀರಥಿ ಮೆಲ್ಲಗೆ ಹೇಳಿದ್ದಳು. ಹರಕೆಯಲ್ಲ, ಶಪಥವಲ್ಲ, ಸುಮ್ಮನೆ ಮೆಟ್ಟಿಲ್ಲ.

ಹಜರತಸಾಬರು ಕಟ್ಟೆಯ ಮೇಲೆ ಕುಳಿತರು. ಚಪ್ಪಲಿಯ ಪೊಟ್ಟಣವನ್ನು ಮುಂದಿಟ್ಟರು. “ಇಡ್ರಿ,” ಎಂದಳು ಮಾಯವ್ವ. ತೆಗೆದು ನೋಡಲಿಲ್ಲ, ಬೇಡ ಎನ್ನಲಿಲ್ಲ. ಪಡಸಾಲೆಯ ಮೇಲಿನ ಹಲಗೆಯಲ್ಲಿ ಹಿಂದಿನ ವರ್ಷಗಳ ಪೊಟ್ಟಣಗಳು ಹಾಗೇ ಸಾಲಾಗಿ ಇದ್ದವು. ಅವಳು ಚಹಾ ಕೊಟ್ಟಳು. ಮಳೆಯ ಮಾತು, ಗೋವಿನಜೋಳದ ಮಾತು ಆಯಿತು. ನಡುವೆ ಹಜರತಸಾಬರು ಎರಡು ಸಲ ಗಂಟಲು ಸರಿಮಾಡಿಕೊಂಡು, “ಮಾಯವ್ವ,” ಎಂದರು. ಎರಡು ಸಲವೂ ಅವಳು ತಲೆಯೆತ್ತಿ ನೋಡಿದಳು. ಎರಡು ಸಲವೂ ಅವರು ಅವಳ ಕಾಲು ನೋಡಿದರು. ಆಮೇಲೆ, ಬಸ್ಸಿನ ಹೊತ್ತಾತು, ಎಂದು ಎದ್ದರು.

*

ಒಂದಕ್ಕೆ ಹತ್ತು ನಿಮಿಷವಿತ್ತು. ಮೌಲಾನಾರು ಬಂದು ಗಡಿಯಾರ ನೋಡಿಕೊಂಡರು. ಬೆಳಿಗ್ಗೆಯೇ ಗುಲಫಶಾ ಅವರಲ್ಲಿ ಎರಡು ಮಾತು ಕೇಳಿಕೊಂಡಿದ್ದಳು. ಮಾಫ್ ಕೇಳುವುದನ್ನು ಮಸೀದಿಯ ಮುಂದೆ ಬೇಡ, ಮನೆಯ ಮುಂದೆ ಕೇಳಿರಿ. ಕೇಳಿದ ಮೇಲೆ ಒಂದಿಷ್ಟು ಹೊತ್ತು ಕಾಯಿರಿ. ಅವರು ಯಾಕೆ ಎಂದು ಕೇಳಿರಲಿಲ್ಲ.

ನಾಸಿರ ಹತ್ತಿರ ಬಂದ. ಇಂದು ಹುಣ್ಣಿಮೆ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಡಿಗಳು ಊರ ಹೊರಗೆ ಎರಡು ಮೈಲಿ ನಿಂತಿವೆ, ಬಸ್ಸು ಈಗ ಬರುವ ಮಾತೇ ಇಲ್ಲ ಎಂದ. ಅವನ ದನಿಯಲ್ಲಿ ಸಮಾಧಾನವಿತ್ತು. ಅದನ್ನು ಮುಚ್ಚಿಡಲು ಅವನು ಪ್ರಯತ್ನಿಸಿದ್ದನ್ನೂ ಗುಲಫಶಾ ಗಮನಿಸಿದಳು. ಗಂಡ ಖಾಲಿದ್‌ನನ್ನು ಬೈಕಿನಲ್ಲಿ ಕಳಿಸಿ ನೋಡಲೇ ಎಂದುಕೊಂಡು ಅವಳು ಹೊಸ್ತಿಲು ದಾಟಿದಳು.

ಓಣಿಯ ತಿರುವಿನಲ್ಲಿ ಮಾಯವ್ವ ಬರುತ್ತಿದ್ದಳು.

ನಿಂತ ಬಸ್ಸಿನಿಂದ ಇಳಿದು ನಡೆದೇ ಬಂದಿದ್ದಳು. ಸೆರಗು ತಲೆಯ ಮೇಲೆ. ಮೊಣಕಾಲಿನವರೆಗೆ ಧೂಳು. ಬರಿಗಾಲು. ಬಗಲಲ್ಲಿ ಬಟ್ಟೆಯ ಚೀಲವನ್ನು ಅವುಚಿಕೊಂಡಿದ್ದಳು. ಗಂಡಸರು ದಾರಿ ಬಿಟ್ಟರು. ಅಮೋಘಸಿದ್ದಪ್ಪ ಎದ್ದು ನಿಂತು ಕೈಮುಗಿದ, ಆಮೇಲೆ ನೆಲ ನೋಡಿದ.

ಗುಲಫಶಾ ಅವಳನ್ನು ಅಡುಗೆಮನೆಗೆ ಕರೆದೊಯ್ದು ನೀರು ಕೊಟ್ಟಳು. ಬಾಗಿಲು ಮುಂದೆ ಮಾಡಿದಳು. ಮಾಯವ್ವ ನೀರು ಕುಡಿದು, ತಣ್ಣಗಿನ ಒಲೆಯ ಪಕ್ಕ ಕುಳಿತಳು. ಚೀಲ ಮಡಿಲಲ್ಲಿತ್ತು.

“ಏನ ಹೇಳೂದಿತ್ತು ಅಂದಿದ್ದೆಂತಲ್ಲ ನೀ,” ಎಂದಳು. “ಹೇಳು.”

ಮೂರು ವಾರ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಹೊರಗೆ ಯಾರೋ ಶವ ಹೊರುವ ಸಂದೂಕಿನ ಕಾಲು ಸರಿಪಡಿಸುತ್ತಿದ್ದ ಸದ್ದು. ಗುಲಫಶಾ ಮಾಯವ್ವನ ಎದುರು ನೆಲದ ಮೇಲೆ ಕುಳಿತು, ತನ್ನ ತಂದೆ ಹೇಳಿದ ಹಾಗೆಯೇ ಹೇಳಿದಳು. ಪಾಳಿ ಇನ್ನೊಬ್ಬನದಿತ್ತು. ಶಿವಲಿಂಗನದು ಎರಡು ದಿನದ ಹಿಂದೆ ಆಗಿತ್ತು. ಊರ ಕಡೆಯವನನ್ನು ಉಳಿಸುತ್ತಾರೆ ಎಂಬ ಮಾತು ತಮಗೆ ತಟ್ಟಬಾರದೆಂದು ಅವರು ಅವನ ಹೆಸರು ಕೂಗಿದರು. ನಿಮಗೆ ಸುಳ್ಳು ಹೇಳಿದರು.

ಶಿವಲಿಂಗ ಆಗ ಏನೆಂದ ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ಅದನ್ನು ಬಿಡಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. ಅದನ್ನು ಯಾವ ತಾಯಿಗೂ ಹೇಳಲಾಗದು.

ಮಾಯವ್ವ ಅಳಲಿಲ್ಲ. ಮಡಿಲ ಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ಕೇಳಿದಳು:

“ಹೆಸರ ಕೂಗಿದಾಗ ಏನಂದಾ ಅಂವ?”

ಗುಲಫಶಾ ಬಾಯಿ ತೆರೆದಳು. ಏನೂ ಅನ್ನಲಿಲ್ಲ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಸುಲಭ. ತಂದೆಯೂ ಹೀಗೆಯೇ, ಒಂದೇ ಮಾತಿನ ಸುಲಭವನ್ನು ಆರಿಸಿಕೊಂಡು, ಇಪ್ಪತ್ತೈದು ವರ್ಷ ಅದರ ಹಿಂದೆ ನಡೆದರು.

“ನಂದು ಮೊನ್ನೆ ಆಗೇತೆಲ್ರಿ ಸಾಹೇಬ್ರ, ಅಂದನಂತ,” ಎಂದಳು. “ಅಬ್ಬಾ ಕೇಳಿಸದವರಂಗ ನಿಂತರಂತ. ಆಮ್ಯಾಲೆ ಬೂಟಿನ ದಾರ ಕಟಿಗೊಂಡು ಹ್ವಾದನಂತ.”

ಮಾಯವ್ವನ ಮುಖ ಮೇಲೆದ್ದಿತು. ಅದರಲ್ಲಿ ಗುಲಫಶಾ ಹೆದರಿದ್ದ ಯಾವುದೂ ಇರಲಿಲ್ಲ. ದೂರದಲ್ಲಿ ಪರಿಚಯದ ದನಿ ಕೇಳಿದವಳ ಹಾಗೆ ಅವಳ ಕತ್ತು ಒಂದು ಕಡೆಗೆ ವಾಲಿತ್ತು.

“ಹಂಗ ಅಂದನೇನು?”

“ಹೌದ್ರಿ.”

“ಮನ್ಯಾಗೂ ಹಂಗ ಅಂತಿದ್ದ,” ಎಂದಳು ಮಾಯವ್ವ. “ನೀರಿಗೆ ಹೋಗಂದ್ರ ‘ನಂದು ಆಗೇತಿ, ಭಾಗೀರಥೀನ ಕಳಸು’ ಅಂತಿದ್ದ. ಮ್ಯಾವು ತರಾಕ ಹೋಗಂದ್ರ ‘ನಂದು ನಿನ್ನೆ ಆಗೇತಿ’. ಅಂತಿದ್ದ, ಅನಕೋತ ಕೊಡ ತಗೊಂಡು ಹೋಕ್ಕಿದ್ದ.” ಅವಳು ಚೀಲದ ಬಾಯನ್ನು ಬಿಟ್ಟಳು. “ಗಪ್ಪನ ಹ್ವಾದ ಅಂತ ತಿಳಕೊಂಡಿದ್ನಿ ಇಷ್ಟ ದಿನ. ಏನೂ ಅನ್ನದನ ಹ್ವಾದ ಅಂತ.”

ಹೊರಗಿನಿಂದ ಖಾಲಿದ್ ಬಾಗಿಲು ತಟ್ಟಿದ. ಹೊತ್ತಾಗಿತ್ತು.

*

ಹಸಿರು ಚಾದರ ಹೊದಿಸಿದ ಸಂದೂಕು ಮನೆಯ ಮುಂದೆ ಇತ್ತು. ಗಂಡಸರು ಓಣಿಯ ತುಂಬ. ಹೆಂಗಸರು ಹೊಸ್ತಿಲೊಳಗೆ, ಮಾಸುಮಬಿಯನ್ನು ನಡುವೆ ಕೂರಿಸಿಕೊಂಡು. ಮಾಯವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಹಿಂದೆ ಗುಲಫಶಾ. ಮಾಯವ್ವನ ಬೆನ್ನು ಬಿಟ್ಟು ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆ ಬೆನ್ನಿನಿಂದ ಏನನ್ನೂ ಓದಲಾಗುತ್ತಿರಲಿಲ್ಲ.

ನಾಸಿರ ಮುಂದೆ ಬಂದ. ಮೌಲಾನಾರು ಹೇಳಿಕೊಟ್ಟದ್ದನ್ನು ಉರ್ದುವಿನಲ್ಲಿ ಒಮ್ಮೆ ಹೇಳಿದ. ಆಮೇಲೆ ಕನ್ನಡದಲ್ಲಿ ಹೇಳಲು ತೊಡಗಿದಾಗ ಅವನ ಕಣ್ಣು ಬಾಗಿಲಿನ ಕಡೆ ಹೊರಳಿತು, ಮಾತು ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಹೇಳಿದ.

“ನಮ್ಮ ತಂದಿ ಕಡಿಂದ ಯಾರಿಗರೆ ನೋವಾಗಿದ್ರ, ಯಾರಿಗರೆ ತಪ್ಪಾಗಿದ್ರ, ಈಗ ಹೇಳ್ರಿ. ಇಲ್ಲಾಂದ್ರ ಮಾಫ್ ಮಾಡ್ರಿ.”

ಮಾಫ್ ಮಾಡೇವಿ, ಮಾಫ್ ಮಾಡೇವಿ ಎಂಬ ಗುಣುಗು ಓಣಿಯ ಉದ್ದಕ್ಕೂ ಹರಿದು ಹೋಯಿತು. ಹೊರಲು ಮುಂದೆ ಬಂದ ಹೆಗಲುಗಳನ್ನು ಮೌಲಾನಾರು ಕೈಯೆತ್ತಿ ತಡೆದರು. ಕಾದರು. ಯಾರದೋ ಫೋನು ಮೊಳಗಿ ನಿಂತಿತು. ದೂರದ ದಾರಿಯಲ್ಲಿ ಗುಡ್ಡಕ್ಕೆ ಹೊರಟವರ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಯಾಕೆ ನಿಂತರು ಎಂದು ಜನ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ಅಮೋಘಸಿದ್ದಪ್ಪ ನೋಡುತ್ತಿದ್ದ ಕಡೆಗೆ ನೋಡಿದರು.

ಮಾಯವ್ವ ಸಂದೂಕಿನಲ್ಲಿ ಹಜರತಸಾಬರ ಕಾಲಿದ್ದ ತುದಿಯನ್ನೇ ನೋಡುತ್ತಿದ್ದಳು.

“ಎತ್ತರಿ,” ಎಂದಳು. “ಹೊತ್ತಾತು. ಎತ್ತರಿ.”

ನಾಸಿರ ಅಷ್ಟು ಸಾಕೋ ಇಲ್ಲವೋ ತಿಳಿಯದೆ ಮೌಲಾನಾರ ಮುಖ ನೋಡಿದ. ಅವರು ಒಂದು ಕ್ಷಣ ಕಣ್ಣು ಮುಚ್ಚಿ ತಲೆಯಾಡಿಸಿದರು. ನಾಲ್ಕು ಹೆಗಲುಗಳ ಮೇಲೆ ಸಂದೂಕು ಎದ್ದಿತು. ಹಿಂದಿನ ಎಡಗಡೆಯ ಹೆಗಲು ಅಮೋಘಸಿದ್ದಪ್ಪನದು. ಕಲಿಮಾ ಹೇಳುವವರ ದನಿ ತಿರುವಿನವರೆಗೆ ಕೇಳಿತು, ಆಮೇಲೆ ಹಾರ್ನುಗಳ ಸದ್ದಿನಲ್ಲಿ ಸೇರಿಹೋಯಿತು.

ಎತ್ತರಿ ಅಂದರೆ ಏನು? ಗುಲಫಶಾ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದರಲ್ಲಿ ಮಾಫಿ ಇತ್ತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಇರಲಿಲ್ಲ ಎಂದೂ ಹೇಳಲಾರರು. ಮಾಸುಮಬಿ ಸೆರಗಿನಿಂದ ಮುಖ ಒರೆಸಿಕೊಂಡು, “ಕುಂದರ್ರಿ ಮಾಯವ್ವ, ರಾಯವ್ವನ ಮನಿಂದ ಬುತ್ತಿ ಬರತೈತಿ, ಉಂಡು ಹೋಗ್ರಿ,” ಎಂದಳು.

“ಉಣ್ಣಾಕ ಇನ್ನೊಮ್ಮೆ ಬರತೇನವ್ವ. ಬಸ್ಸ ಸಿಗೂದಿಲ್ಲ.”

ಗಂಡಸರ ಚಪ್ಪಲಿಗಳೆಲ್ಲ ಹೋಗಿ ಬಾಗಿಲ ಮುಂದೆ ಹೆಂಗಸರವಷ್ಟೇ ಉಳಿದಿದ್ದವು. ಮಾಯವ್ವ ಮೆಟ್ಟಿಲ ಮೇಲೆ ಕುಳಿತು ಚೀಲದ ಬಾಯಿ ಬಿಚ್ಚಿದಳು. ಒಳಗಿನಿಂದ ಹಳೆಯ ಹಾಳೆಯ ಪೊಟ್ಟಣವೊಂದು ಬಂತು. ಅದರೊಳಗೆ ಒಂದು ಜೋಡಿ ಚಪ್ಪಲಿ. ಕಪ್ಪು ಬಣ್ಣ ಬೂದಿಯಾಗಿತ್ತು. ಅಡಿ ಮಾತ್ರ ಹೊಸದು, ಒಂದು ಹೆಜ್ಜೆಯ ಗುರುತೂ ಇಲ್ಲದ್ದು.

“ಮೊದಲನೇ ವರ್ಷದ್ದು ಇದು,” ಎಂದಳು. “ಸಾಹೇಬ್ರ ಹಂತ್ಯಾಕ ಇಟ್ಟು ಬರಬೇಕಂತ ತಂದಿದ್ನಿ. ನಿಮ್ಮದು ನಿಮಗ, ಅಂತ.”

ಗುಲಫಶಾ ಅದನ್ನು ಇಸಿದುಕೊಳ್ಳಲು ಬಗ್ಗಿ ಕೈ ಚಾಚಿದಳು. ಮಾಯವ್ವ ಕೊಡಲಿಲ್ಲ. ಒಂದೊಂದಾಗಿ ನೆಲದ ಮೇಲೆ ಇಟ್ಟಳು. ಕಾಲಿನ ಧೂಳನ್ನು ಅಂಗೈಯಿಂದ ಕೊಡವಿ, ಬಲಗಾಲಿನ ಹೆಬ್ಬೆರಳನ್ನು ಉಂಗುಷ್ಟದೊ‍ಳಗೆ ತೂರಿಸಿದಳು. ಚರ್ಮ ಒಣಗಿ ಕಟ್ಟಿಗೆಯಾಗಿತ್ತು. ಎರಡು ಸಲ ತಳ್ಳಿದ ಮೇಲೆ ಹೋಯಿತು. ಆಮೇಲೆ ಎಡಗಾಲು. ಗೋಡೆ ಹಿಡಿದು ಎದ್ದಳು. ಚಪ್ಪಲಿ ಮೆಟ್ಟಿ ನಡೆಯುವುದು ಮರೆತುಹೋದವಳಂತೆ ನಿಂತಲ್ಲೇ ಒಮ್ಮೆ ಕಾಲೆತ್ತಿ ಇಟ್ಟಳು.

ಖಾಲಿದ್ ಬಂದ ಮೇಲೆ ಬೈಕಿನಲ್ಲಿ ಬಿಡಿಸುತ್ತೇನೆ, ಇರಿ, ಎಂದಳು ಗುಲಫಶಾ. ಮಾಯವ್ವ ಕೈಯಾಡಿಸಿ ಬೇಡ ಎಂದು ಹೊರಟಳು.

ರಾಯವ್ವನ ಮನೆಯ ಮುಂದಿನ ಇಳುಕಲಿನಲ್ಲಿ ಎಡಗಾಲಿನ ಉಂಗುಷ್ಟ ಹರಿಯಿತು. ಗುಲಫಶಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಮಾಯವ್ವ ಬಗ್ಗಿ ಆ ಚಪ್ಪಲಿಯನ್ನು ಎತ್ತಿ, ತಿರುಗಿಸಿ ನೋಡಿ, ಚೀಲದೊಳಗೆ ಹಾಕಿಕೊಂಡಳು. ಬಲಗಾಲಿನದನ್ನು ಬಿಚ್ಚಲಿಲ್ಲ. ಹಾಗೇ ನಡೆದಳು, ಒಂದು ಕಾಲು ಸದ್ದು ಮಾಡುತ್ತ, ಒಂದು ಕಾಲು ಸದ್ದಿಲ್ಲದೆ, ಬಸ್‌ಸ್ಟ್ಯಾಂಡಿನ ಕಡೆಗೆ.